ಎಲೆಕ್ಟ್ರಾನಿನ ಬುಗುರಿ

ಮೈಸೂರಿನ ಬೀದಿಗಳಲ್ಲಿ ಹುಡುಗರ ಬುಗುರಿಯಾಟವನ್ನು ಕಂಡವರಿಗೆ ಒಂದು ಸಂಗತಿ ತಿಳಿದಿರುತ್ತದೆ. ವೇಗವಾಗಿ ತಿರುಗುವ ಬುಗುರಿ ವಾಲಿದರೂ ಬೀಳುವುದಿಲ್ಲ. ಅದರ ಅಕ್ಷವೇ ನಿಧಾನವಾಗಿ ಸುತ್ತು ಹಾಕತೊಡಗುತ್ತದೆ. ಭೂಮಿಯ ಸೆಳೆತಕ್ಕೆ ಬುಗುರಿ ಕೊಡುವ ಉತ್ತರ ಅದು. ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನೂ ಸರಿಸುಮಾರು ಹೀಗೆಯೇ ನಡೆದುಕೊಳ್ಳುತ್ತದೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಬುಗುರಿ ಎಷ್ಟು ಬೇಕಾದರೂ ವಾಲಬಹುದು. ಎಲೆಕ್ಟ್ರಾನನ್ನು ಅಳೆದರೆ ದೊರೆಯುವುದು ಎರಡೇ ನಿಲುವು: ಕ್ಷೇತ್ರದ ದಿಕ್ಕಿಗೆ ಅನುಕೂಲ, ಇಲ್ಲವೆ ವಿರುದ್ಧ. ಈ ಗುಣಕ್ಕೆ ಸ್ಪಿನ್ ಎಂದು ಹೆಸರು. ಎಲೆಕ್ಟ್ರಾನಿನ ಸ್ಪಿನ್ ಅರ್ಧ.

ಇದನ್ನು 1925ರಲ್ಲಿ ಸೂಚಿಸಿದವರು ಹಾಲೆಂಡಿನ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್. ಪ್ರಯೋಗಕ್ಕೆ ಹೊಂದಬೇಕಾದರೆ ಎಲೆಕ್ಟ್ರಾನಿನ ಕಾಂತತ್ವ ಸಾಮಾನ್ಯ ಲೆಕ್ಕದ ಇಮ್ಮಡಿ ಇರಬೇಕಾಗಿತ್ತು. ಏಕೆ ಇಮ್ಮಡಿ ಎಂಬುದು ಆ ಊಹೆಯೊಳಗಿನಿಂದ ಹೊರಡಲಿಲ್ಲ. 1928ರಲ್ಲಿ ಕೇಂಬ್ರಿಜ್ಜಿನ ಡಿರಾಕ್ ಅರಸಿದ್ದು ಕ್ವಾಂಟಂ ಸಿದ್ಧಾಂತಕ್ಕೂ ಐನ್‌ಸ್ಟೈನರ ಸಾಪೇಕ್ಷತೆಗೂ ಒಪ್ಪುವ ಸಮೀಕರಣವನ್ನು. ಅದನ್ನು ಕಾಂತಕ್ಷೇತ್ರಕ್ಕೆ ಅನ್ವಯಿಸಿದಾಗ ಸ್ಪಿನ್ನೂ ಆ ಇಮ್ಮಡಿಯೂ ಕರೆಯದೆಯೇ ಬಂದವು.

ಜೊತೆಗೆ ಬೇಡದ ಅತಿಥಿಯೂ ಬಂದಿತು: ಋಣಶಕ್ತಿಯ ಪರಿಹಾರಗಳು. ಶಾಲೆಯ ಲೆಕ್ಕದಲ್ಲಿ ಇಂಥ ಉತ್ತರ ಬಂದರೆ ನಾವು ಅರ್ಥವಿಲ್ಲವೆಂದು ಹೊಡೆದುಹಾಕುತ್ತೇವೆ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. ಹೊರಗಿನ ವಿದ್ಯುತ್ ಕ್ಷೇತ್ರ ತೀರ ಪ್ರಬಲವಾದರೆ ಎಲೆಕ್ಟ್ರಾನು ಆ ಋಣಸ್ಥಿತಿಗೆ ದಾಟಬಲ್ಲದೆಂದು 1929ರಲ್ಲಿ ಕ್ಲೈನ್ ತೋರಿಸಿದರು. ಡಿರಾಕ್ ಮೊದಲು ಅಲ್ಲಿ ಪ್ರೋಟಾನನ್ನು ಕಾಣಲು ಯತ್ನಿಸಿದರು. 1931ರಲ್ಲಿ ಹೊಸ ಕಣವನ್ನೇ ಸಾರಿದರು. ಅದರ ರಾಶಿ ಎಲೆಕ್ಟ್ರಾನಿನದೇ, ವಿದ್ಯುದಂಶ ಮಾತ್ರ ವಿರುದ್ಧ. ಮರುವರ್ಷ ಅಮೆರಿಕದ ಆಂಡರ್ಸನ್ ವಿಶ್ವಕಿರಣಗಳಲ್ಲಿ ಅದರ ಜಾಡನ್ನು ಕಂಡರು. ಅದೇ ಪಾಸಿಟ್ರಾನ್.

ಈ ಕಥೆ ನಮ್ಮ ನಾಡಿಗೆ ದೂರದ್ದಲ್ಲ. ವೇಗದ ಎಲೆಕ್ಟ್ರಾನು ಪರಮಾಣು ಬೀಜದ ಕ್ಷೇತ್ರದಲ್ಲಿ ಗಾಮಾ ಕಿರಣವನ್ನು ಸೂಸುತ್ತದೆ. ಆ ಕಿರಣ ಇನ್ನೊಂದು ಬೀಜದ ಬಳಿ ಎಲೆಕ್ಟ್ರಾನ್‌–ಪಾಸಿಟ್ರಾನ್ ಜೋಡಿಯಾಗುತ್ತದೆ. ಒಂದು ಹಲವಾಗಿ ಮಳೆಯಂತೆ ಸುರಿಯುತ್ತದೆ. ಇದನ್ನು 1937ರಲ್ಲಿ ಹೈಟ್ಲರರೊಡನೆ ಲೆಕ್ಕಹಾಕಿ ತೋರಿಸಿದವರು ಹೋಮಿ ಭಾಭಾ. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದ ಅವರು ಯುದ್ಧದ ಕಾರಣ ಇಲ್ಲಿಯೇ ಉಳಿದರು. ಮೈಸೂರು ಸಂಸ್ಥಾನ ನೀಡಿದ ನೆಲದಲ್ಲಿ ನಿಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆಯನ್ನು ಬೆಳೆಸಿದರು.

ಡಿರಾಕರ ಎರಡೂ ಕೊನೆಯ ಮಾತಾಗಲಿಲ್ಲ. 1947ರ ಅಳತೆಗಳಲ್ಲಿ ಅದು ಸುಮಾರು 2.0023 ಎಂದು ಕಂಡಿತು. ಎಲೆಕ್ಟ್ರಾನಿಗೆ ತನ್ನದೇ ವಿದ್ಯುತ್ಕಾಂತ ಕ್ಷೇತ್ರದೊಡನಿರುವ ವ್ಯವಹಾರವೇ ಅದಕ್ಕೆ ಕಾರಣವೆಂದು ಮರುವರ್ಷ ಷ್ವಿಂಗರ್ ತೋರಿಸಿದರು.

ನನಗೆ ಈ ಪ್ರಸಂಗದಲ್ಲಿ ದೊಡ್ಡದಾಗಿ ಕಾಣುವುದು ಬೇಡವಾದ ಉತ್ತರವನ್ನೂ ಅಳಿಸದೆ ಉಳಿಸಿಕೊಂಡ ಧೈರ್ಯ. ವಿಶ್ವಕಿರಣಗಳಿಂದ ಹುಟ್ಟಿದ ಮ್ಯುಆನ್ ಕಣಗಳು ಚಾಮುಂಡಿ ಬೆಟ್ಟದ ಮೇಲೂ ನಮ್ಮ ಮನೆಯ ಮಾಡಿನ ಮೇಲೂ ಹಗಲಿರುಳು ಸುರಿಯುತ್ತಿವೆ. ಚಾಚಿದ ಅಂಗೈಯನ್ನು ಸೆಕೆಂಡಿಗೆ ಹೆಚ್ಚುಕಡಮೆ ಒಂದರಂತೆ ಹಾದುಹೋಗುತ್ತವೆ. ಅವುಗಳ ಸ್ಪಿನ್ನೂ ಅರ್ಧವೇ. ಅವೂ ಆ ಸಮೀಕರಣದ ಒಕ್ಕಲೇ.