ಕಾರಿಗೆ ಮೋಟರ್‌ಸೈಕಲ್ಲಿನ ಗುಂಡಿಗೆ

1970ರ ದಶಕದ ನಡುವಿನ ವರ್ಷಗಳಲ್ಲಿ ಬೆಂಗಳೂರಿನ ರಸ್ತೆಗಳ ಮೇಲೆ ಒಂದು ವಿಚಿತ್ರ ವಾಹನ ಕಾಣಿಸಿಕೊಂಡಿತು. ಮುಂದೆ ಒಂದೇ ಚಕ್ರ, ಹಿಂದೆ ಎರಡು. ಅಷ್ಟರಿಂದಲೇ ಅದನ್ನು ಆಟೋರಿಕ್ಷಾ ಎಂದು ಕೈತಟ್ಟಿ ಕರೆಯುವಂತಿರಲಿಲ್ಲ. ಅದಕ್ಕೆ ಗಟ್ಟಿಯಾದ ಛಾವಣಿಯಿತ್ತು, ಗಾಜಿನ ಕಿಟಕಿಗಳಿದ್ದವು, ಬಾಗಿಲುಗಳಿದ್ದವು, ಒಳಗೆ ಕಾರಿನಲ್ಲಿರುವಂತೆಯೇ ಆಸನಗಳಿದ್ದವು. ಮೈ ಮಾತ್ರ ಉಕ್ಕಿನ ತಗಡಿನದಲ್ಲ, ಹಗುರವಾದ ಫೈಬರ್‌ಗ್ಲಾಸಿನದು. ಅದರ ಹೆಸರು ‘ಬಾದಲ್’. ಹಿಂದಿಯಲ್ಲಿ ಮೋಡ ಎಂದರ್ಥ. ಬೆಂಗಳೂರಿನ ಸನ್‌ರೈಸ್ ಸಂಸ್ಥೆ ಅದರ ತಯಾರಕರು. ಮುಂದೆ ಇದೇ ಸಂಸ್ಥೆ ಸಿಪಾನಿ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಈ ಮೋಡವನ್ನು ಹೊತ್ತು ಸಾಗಬೇಕಾಗಿದ್ದುದು ಹಿಂಬದಿಯಲ್ಲಿ ಅಡಗಿದ್ದ 198 ಘನ ಸೆಂಟಿಮೀಟರಿನ ಟೂ-ಸ್ಟ್ರೋಕ್ ಎಂಜಿನ್ನು. ಗಾತ್ರದಲ್ಲಿ ಅದು ಸ್ಕೂಟರಿನ ಬಂಧು. ಮೈಸೂರಿನಲ್ಲಿ ಆಗ ತಯಾರಾಗುತ್ತಿದ್ದ ಯೆಜ್ದಿ ಮೋಟರ್‌ಸೈಕಲ್ಲಿನ ಎಂಜಿನ್ನು ಇದಕ್ಕಿಂತ ದೊಡ್ಡದಾಗಿತ್ತೆಂದರೆ ಬಾದಲ್ಲಿನ ಸಾಹಸದ ಅಳತೆ ತಿಳಿದೀತು.

ಅದೇ ಸಂಸ್ಥೆ 1982ರಲ್ಲಿ ಇನ್ನೊಂದು ಪುಟ್ಟ ಕಾರನ್ನು ಹೊರತಂದಿತು. ಅದರ ಹೆಸರು ‘ಡಾಲ್ಫಿನ್’. ಮೈ ಈಗಲೂ ಫೈಬರ್‌ಗ್ಲಾಸಿನದೇ. ಆದರೆ ಚಕ್ರಗಳು ನಾಲ್ಕು; ಎಂಜಿನ್ನು 848 ಘನ ಸೆಂಟಿಮೀಟರಿನದು, ನಾಲ್ಕು ಸಿಲಿಂಡರಿನದು, ಹುಟ್ಟಿನಿಂದಲೇ ಕಾರಿಗಾಗಿ ರೂಪುಗೊಂಡದ್ದು. ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಊರಿನ ಒಂದೇ ಸಂಸ್ಥೆ ಸ್ಕೂಟರಿನ ಮನೆತನವನ್ನು ಬಿಟ್ಟು ಕಾರಿನ ಮನೆತನಕ್ಕೆ ಬಂದಿತ್ತು. ಹಗುರವಾದ ಕಾರನ್ನು ತಾನೇ ಕಟ್ಟಬೇಕೆಂದು ಹೊರಟವರೆಲ್ಲರ ಮುಂದೆಯೂ ನಿಲ್ಲುವ ಪ್ರಶ್ನೆ ಇದೇ: ಒಳಗೆ ಕೂರಿಸಬೇಕಾದದ್ದು ಮೋಟರ್‌ಸೈಕಲ್ಲಿನ ಎಂಜಿನ್ನೋ, ಕಾರಿನ ಎಂಜಿನ್ನೋ?

ಡಾಲ್ಫಿನ್ನಿನ ವಂಶವೃಕ್ಷವನ್ನು ನೋಡಿದರೆ ಈ ಪ್ರಶ್ನೆ ಅಲ್ಲಿಯೂ ಒಮ್ಮೆ ಎದ್ದಿತ್ತೆಂಬುದು ತಿಳಿಯುತ್ತದೆ. ಡಾಲ್ಫಿನ್ನಿಗೆ ಮೂಲ ಇಂಗ್ಲೆಂಡಿನ ರಿಲಯಂಟ್ ಸಂಸ್ಥೆಯ ‘ಕಿಟನ್’ ಎಂಬ ಕಾರು. ಈ ರಿಲಯಂಟಿನ ಸ್ಥಾಪಕ ಟಾಮ್ ವಿಲಿಯಮ್ಸ್ ಮೊದಲು ರ‍್ಯಾಲೆ ಎಂಬ ಸೈಕಲ್ ಕಂಪನಿಯಲ್ಲಿ ಕೆಲಸಕ್ಕಿದ್ದನು. ರ‍್ಯಾಲೆಯವರು ಮೂರು ಚಕ್ರದ ವಾಹನಗಳನ್ನು ಕೈಬಿಟ್ಟಾಗ ಆತನು ಕೆಲಸ ಬಿಟ್ಟು, ಟ್ಯಾಮ್‌ವರ್ತ್ ಎಂಬ ಊರಿನಲ್ಲಿ ತನ್ನ ಮನೆಯ ಹಿತ್ತಿಲಿನಲ್ಲಿಯೇ ಒಂದು ಮೂರು ಚಕ್ರದ ಸರಕು ಗಾಡಿಯನ್ನು ಕಟ್ಟಿದನು. ಅದು 1935ರ ಮಾತು. ಆ ಗಾಡಿಗೆ ಆತನು ತೊಡಿಸಿದ್ದು ಜೆ.ಎ.ಪಿ. ಸಂಸ್ಥೆಯ ಒಂದೇ ಸಿಲಿಂಡರಿನ ಮೋಟರ್‌ಸೈಕಲ್ ಎಂಜಿನ್ನನ್ನು. ಆದರೆ ಮೂರೇ ವರ್ಷಗಳಲ್ಲಿ, 1938ರಲ್ಲಿ, ರಿಲಯಂಟ್ ಗಾಡಿಗಳಿಗೆ ಆಸ್ಟಿನ್ ಸೆವೆನ್ ಕಾರಿನ 747 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು ಬಂದಿತು. ಹಿತ್ತಿಲಿನಲ್ಲಿ ಹುಟ್ಟಿದ ಗಾಡಿ ಊರೂರಿಗೆ ಸರಕು ಹೊರಬೇಕಾಗಿ ಬಂದಾಗ ಮೋಟರ್‌ಸೈಕಲ್ಲಿನ ಗುಂಡಿಗೆ ಅದಕ್ಕೆ ಸಾಲದಾಯಿತು.

ಹಾಗೆಂದು ರಿಲಯಂಟಿನವರು ಮೋಟರ್‌ಸೈಕಲ್ಲಿನ ಸಹವಾಸವನ್ನು ಪೂರ್ತಿ ಬಿಡಲಿಲ್ಲ. ಬ್ರಿಟನ್ನಿನಲ್ಲಿ ಎಂಟು ಹಂಡ್ರೆಡ್‌ವೇಯ್ಟಿಗಿಂತ, ಅಂದರೆ ಸುಮಾರು 406 ಕಿಲೋಗ್ರಾಮಿಗಿಂತ, ಕಡಮೆ ತೂಕದ ಮೂರು ಚಕ್ರದ ವಾಹನಕ್ಕೆ ಮೋಟರ್‌ಸೈಕಲ್ಲಿನ ತೆರಿಗೆಯೇ ಸಾಕಾಗಿತ್ತು. ಓಡಿಸಲು ಮೋಟರ್‌ಸೈಕಲ್ಲಿನ ಲೈಸೆನ್ಸೂ ಸಾಕಾಗಿತ್ತು. ಸಂಸಾರಸ್ಥರಿಗೆ ಇದು ಸಣ್ಣ ಉಳಿತಾಯವಲ್ಲ. ಕಾರಿನ ಎಂಜಿನ್ನು ಬೇಕು, ತೂಕ ಮಾತ್ರ ಕಾನೂನಿನ ಗೆರೆ ದಾಟಬಾರದು. ಈ ಇಕ್ಕಟ್ಟಿನಿಂದಲೇ 1962ರಲ್ಲಿ ರಿಲಯಂಟಿನ ಅಲ್ಯೂಮಿನಿಯಂ ಎಂಜಿನ್ನು ಹುಟ್ಟಿತು. ಆಗ ಅದು 600 ಘನ ಸೆಂಟಿಮೀಟರಿನದಾಗಿತ್ತು. 1975ರ ವೇಳೆಗೆ 848ಕ್ಕೆ ಬೆಳೆದಿತ್ತು. ಡಾಲ್ಫಿನ್ನಿನ ಜೊತೆಗೆ ಬೆಂಗಳೂರಿಗೆ ಬಂದದ್ದು ಈ ಎಂಜಿನ್ನಿನ ವಿನ್ಯಾಸವೇ. ಪರದೇಶದ ಒಂದು ತೆರಿಗೆಯ ನಿಯಮ ಕರ್ನಾಟಕದ ಒಂದು ಕಾರಿನ ಮೈತೂಕವನ್ನು ಇಳಿಸಿತೆನ್ನಬೇಕು!

ಇಷ್ಟಕ್ಕೂ ಎರಡು ಬಗೆಯ ಎಂಜಿನ್ನುಗಳ ನಡುವಿನ ಭೇದವಾದರೂ ಏನು? ಎರಡೂ ಪೆಟ್ರೋಲನ್ನೇ ಉರಿಸುತ್ತವೆ, ಎರಡರಲ್ಲಿಯೂ ಪಿಸ್ಟನ್ನುಗಳೇ ಏರಿಳಿಯುತ್ತವೆ. ಬರಿಯ ಅಶ್ವಶಕ್ತಿಯನ್ನು ನೋಡಿದವರು ಮೋಸ ಹೋಗುವುದು ಇಲ್ಲಿಯೇ. ಭಾರತದ ಮನೆಮನೆಗೂ ಪರಿಚಿತವಾಗಿದ್ದ ಮಾರುತಿ 800 ಕಾರನ್ನೂ, 2013ರಲ್ಲಿ ಭಾರತದ ಪೇಟೆಗೆ ಬಂದ ಕೆ.ಟಿ.ಎಂ. 390 ಡ್ಯೂಕ್ ಮೋಟರ್‌ಸೈಕಲ್ಲನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಮಾರುತಿಯದು 796 ಘನ ಸೆಂಟಿಮೀಟರಿನ ಎಂಜಿನ್ನು, ಸುಮಾರು 37 ಅಶ್ವಶಕ್ತಿ. ಡ್ಯೂಕಿನದು ಅದರ ಅರ್ಧಕ್ಕಿಂತ ಕಡಮೆ, 373 ಘನ ಸೆಂಟಿಮೀಟರು. ಆದರೆ ಶಕ್ತಿ ಸುಮಾರು 43 ಅಶ್ವಶಕ್ತಿ! ಕಾಗದದ ಮೇಲೆ ಗೆದ್ದದ್ದು ಮೋಟರ್‌ಸೈಕಲ್ಲೇ.

ಆದರೆ ಶಕ್ತಿ ಎಷ್ಟು ಎಂಬುದರ ಜೊತೆಗೆ ಅದು ಯಾವಾಗ ಬರುತ್ತದೆ ಎಂಬುದನ್ನೂ ಕೇಳಬೇಕು. ಡ್ಯೂಕಿನ ಆ 43 ಅಶ್ವಶಕ್ತಿ ಕೈಗೆ ಬರುವುದು ಎಂಜಿನ್ನು ನಿಮಿಷಕ್ಕೆ ಸುಮಾರು 9,500 ಸುತ್ತು ತಿರುಗಿದಾಗ. ಮಾರುತಿಯ 37 ಬರುವುದು 5,000 ಸುತ್ತಿನಲ್ಲಿಯೇ. ಇನ್ನು ಚಕ್ರವನ್ನು ತಿರುಗಿಸುವ ಬಲ, ಯಂತ್ರಜ್ಞರು ಟಾರ್ಕ್ ಎನ್ನುವುದು, ಡ್ಯೂಕಿನಲ್ಲಿ ಹೆಚ್ಚೆಂದರೆ 35 ನ್ಯೂಟನ್-ಮೀಟರು, ಅದೂ 7,000 ಸುತ್ತು ದಾಟಿದ ಮೇಲೆ. ಮಾರುತಿಯಲ್ಲಿ ಅದು 59. ಬರುವುದು ಬರೀ 2,500 ಸುತ್ತಿನಲ್ಲಿ. ಒಂದು ಜೂಜಿನ ಕುದುರೆ, ಇನ್ನೊಂದು ನೊಗ ಕಂಡ ಎತ್ತು. ಓಟದಲ್ಲಿ ಎತ್ತು ಸೋಲುವುದು ನಿಜ. ಕೆಸರಿನಲ್ಲಿ ಹೂತ ಗಾಡಿಯನ್ನು ಎತ್ತಲು ಕುದುರೆಯನ್ನು ಕಟ್ಟುವವರು ಯಾರೂ ಇಲ್ಲ.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಂಥ ಊರಿನಿಂದ ಒಬ್ಬ ಗೃಹಸ್ಥನು ಹೆಂಡತಿ ಮಕ್ಕಳನ್ನೂ ಒಂದು ಮೂಟೆ ಅಕ್ಕಿಯನ್ನೂ ತುಂಬಿಕೊಂಡು ದಾವಣಗೆರೆಯ ನೆಂಟರ ಮನೆಗೆ ಹೊರಟಿದ್ದಾನೆಂದು ಇಟ್ಟುಕೊಳ್ಳಬಹುದು. ಏರಿನ ನಡುವೆ ಎದುರಿಗೆ ದನಗಳ ಹಿಂಡು. ಗಾಡಿ ನಿಲ್ಲಬೇಕು, ಮತ್ತೆ ಹೊರಡಬೇಕು. ಕಾರಿನ ಎಂಜಿನ್ನಿರುವ ಗಾಡಿ ಮೆಲ್ಲನೆ ಗೊಣಗಿ ಮೇಲಕ್ಕೆ ಹೆಜ್ಜೆಯಿಡುತ್ತದೆ. ಮೋಟರ್‌ಸೈಕಲ್ಲಿನ ಎಂಜಿನ್ನಿದ್ದರೆ ಆತನು ಅದನ್ನು ಚೀರಾಡಿಸಿ ಕ್ಲಚ್ಚನ್ನು ಜಾರಿಸಬೇಕಾಗುತ್ತದೆ. ಮೋಟರ್‌ಸೈಕಲ್ಲಿನ ಕ್ಲಚ್ಚು ಸಾಮಾನ್ಯವಾಗಿ ಎಣ್ಣೆಯಲ್ಲಿ ಮುಳುಗಿದ ತೆಳು ಬಿಲ್ಲೆಗಳ ಕಟ್ಟು. ಒಂದೂವರೆ ಕ್ವಿಂಟಲಿನ ಬಂಡಿಯನ್ನೂ ಅದರ ಮೇಲಿನ ಒಬ್ಬಿಬ್ಬರನ್ನೂ ಹೊರಡಿಸುವುದಷ್ಟೇ ಅದಕ್ಕೆ ಗೊತ್ತಿರುವ ವಿದ್ಯೆ. ಅದರ ಮೇಲೆ ಎಂಟು ಒಂಬತ್ತು ಕ್ವಿಂಟಲಿನ ಭಾರ ಹೇರಿದರೆ, ಇಂಥ ನಾಲ್ಕು ಏರುಗಳಲ್ಲಿ ಬಿಲ್ಲೆಗಳು ಸುಟ್ಟ ವಾಸನೆ ಬರುವುದು ಖಂಡಿತ. ಹಲ್ಲುಚಕ್ರಗಳ ಪ್ರಮಾಣವನ್ನು ಬದಲಿಸಿ ಎಳೆತವನ್ನು ಹೆಚ್ಚಿಸಬಹುದು, ನಿಜ. ಆಗ ಗಾಡಿ ಏರನ್ನೇನೋ ಹತ್ತೀತು, ಆದರೆ ಸಮತಟ್ಟಾದ ಹೆದ್ದಾರಿಯಲ್ಲಿಯೂ ಎಂಜಿನ್ನು ಅದೇ ಕಿರಿಚಾಟದಲ್ಲಿ ದಿನವಿಡೀ ಓಡಬೇಕು. ಹಿಂದಿನ ಸೀಟಿನಲ್ಲಿ ಮಗು ಮಲಗುವ ಆಸೆಯನ್ನು ಬಿಡಬೇಕು.

ಕಣ್ಣಿಗೆ ಕಾಣದ ತೊಡಕು ಇನ್ನೊಂದುಂಟು. ಹೊಸಬರ ಹಣವನ್ನು ನುಂಗುವುದು ಹೆಚ್ಚಾಗಿ ಅದೇ. ಮೋಟರ್‌ಸೈಕಲ್ಲು ತಿರುವಿನಲ್ಲಿ ಬಾಗುತ್ತದೆ. ಬಾಗುವುದರಿಂದ ಎಂಜಿನ್ನಿನ ತಳದ ಎಣ್ಣೆ ತಳದಲ್ಲಿಯೇ ಉಳಿಯುತ್ತದೆ. ತುಂಬಿದ ಕೊಡವನ್ನು ಹಗ್ಗ ಕಟ್ಟಿ ಸುತ್ತ ತಿರುಗಿಸಿದರೂ ನೀರು ಚೆಲ್ಲದಿರುವ ಹಾಗೆ. ನಾಲ್ಕು ಚಕ್ರದ ಗಾಡಿ ಬಾಗುವುದಿಲ್ಲ. ಅದು ವೇಗವಾಗಿ ತಿರುಗಿದಾಗ ಎಣ್ಣೆಯೆಲ್ಲ ಒಂದು ಮಗ್ಗುಲಿಗೆ ನುಗ್ಗಿ ನಿಲ್ಲುತ್ತದೆ. ಎಣ್ಣೆಯ ಪಂಪು ಗಾಳಿಯನ್ನು ಹೀರುತ್ತದೆ. ಕೆಲವು ಕ್ಷಣಗಳಲ್ಲಿ ಬೇರಿಂಗುಗಳು ಒಣಗಿ ಎಂಜಿನ್ನು ಹಾಳಾಗುತ್ತದೆ. ಅನುಭವಸ್ಥರು ಎಣ್ಣೆಯ ತೊಟ್ಟಿಯೊಳಗೆ ಅಡ್ಡ ತಡಿಕೆಗಳನ್ನು ಬೆಸೆಯುತ್ತಾರೆ, ಇಲ್ಲವೆ ಎಣ್ಣೆಯನ್ನು ಹೊರಗಿನ ಬೇರೊಂದು ಪಾತ್ರೆಯಲ್ಲಿಟ್ಟು ಪಂಪಿನಿಂದ ಉಣಿಸುತ್ತಾರೆ. ಅಗ್ಗದ ಎಂಜಿನ್ನು ಅಲ್ಲಿಗೆ ಅಗ್ಗವಾಗಿ ಉಳಿಯುವುದಿಲ್ಲ.

ಇಷ್ಟನ್ನೆಲ್ಲ ಕೇಳಿದವರು ಮೋಟರ್‌ಸೈಕಲ್ಲಿನ ಎಂಜಿನ್ನನ್ನು ಮೂಲೆಗೆ ತಳ್ಳಿದರೆ ಅದೂ ಅನ್ಯಾಯವೇ. ಅದರ ಗುಣಗಳು ಬೇರೆ ಕಡೆಯಲ್ಲಿವೆ. ಗೇರುಪೆಟ್ಟಿಗೆ ಎಂಜಿನ್ನಿನ ಹೊಟ್ಟೆಯಲ್ಲಿಯೇ ಅಡಕವಾಗಿರುವುದರಿಂದ ಇಡೀ ಯಂತ್ರ ಸಣ್ಣದು, ಹಗುರವಾದದ್ದು. ಗೇರುಗಳು ಒಂದರ ಹಿಂದೊಂದು ಸಾಲಾಗಿ ಬರುವುದರಿಂದ ಕೈಯ ಒಂದೇ ತಟ್ಟಿಗೆ ಬದಲಾಗುತ್ತವೆ. ಗಾಡಿಯ ತೂಕ ಇಳಿದಷ್ಟೂ ಈ ಗುಣಗಳು ಬೆಳಗುತ್ತವೆ.

ಇದನ್ನು ಬ್ರಿಟನ್ನಿನ ಹವ್ಯಾಸಿಗಳು ಚೆನ್ನಾಗಿ ಬಲ್ಲರು. ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯ ಶೆಡ್ಡಿನಲ್ಲಿ ಜೋಡಿಸಿಕೊಳ್ಳುವ ಪದ್ಧತಿ, ಅಂದರೆ ‘ಕಿಟ್ ಕಾರ್’, ಅಲ್ಲಿ ಬೇರೂರಿದ್ದಕ್ಕೆ ಒಂದು ಕಾರಣವೂ ತೆರಿಗೆಯೇ. ಸಿದ್ಧವಾದ ಕಾರಿಗೆ ಬೀಳುತ್ತಿದ್ದ ಖರೀದಿ ತೆರಿಗೆ ಬಿಡಿಭಾಗಗಳ ಕಟ್ಟಿಗೆ ಬೀಳುತ್ತಿರಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಹೀಗೆಯೇ ಸಾವಿರಾರು ಉತ್ಸಾಹಿಗಳ ಕೈಸೇರಿತು. ಆ ರಿಯಾಯಿತಿ 1973ರಲ್ಲಿ ಮುಗಿದರೂ ಹವ್ಯಾಸ ಮುಗಿಯಲಿಲ್ಲ. ಲೋಟಸ್ ಸೆವೆನ್ನಿನ ಮಾದರಿಯ ಕಾರುಗಳಿಗೆ ಫೋರ್ಡ್ ಕಾರಿನ ಎಂಜಿನ್ನುಗಳನ್ನು ಹಾಕುವುದು ವಾಡಿಕೆಯಾಗಿತ್ತು. 1999ರಲ್ಲಿ ಸುಜುಕಿಯ ಹಯಾಬುಸಾ ಎಂಬ 1,299 ಘನ ಸೆಂಟಿಮೀಟರಿನ ದೈತ್ಯ ಮೋಟರ್‌ಸೈಕಲ್ಲು ಬಂದ ಮೇಲೆ ವೆಸ್ಟ್‌ಫೀಲ್ಡ್ ಸಂಸ್ಥೆ ಅದರ ಎಂಜಿನ್ನಿನಿಂದಲೇ ‘ಮೆಗಾಬುಸಾ’ ಎಂಬ ಕಾರನ್ನು ಮಾಡಿತು. ಎರಡೇ ಆಸನ, ಮಾಡು ಬಾಗಿಲುಗಳ ಹಂಗಿಲ್ಲ. ಅಂಥ ಗಾಡಿಯಲ್ಲಿ ಹಯಾಬುಸಾದ ಎಂಜಿನ್ನು ತನ್ನ ಮನೆಯಲ್ಲಿಯೇ ಇದ್ದಂತೆ.

ಮೋರ್ಗನ್ ಎಂಬ ಹಳೆಯ ಸಂಸ್ಥೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. 1910ರ ಸುಮಾರಿನಲ್ಲಿ ಮೋಟರ್‌ಸೈಕಲ್ಲಿನ ಎಂಜಿನ್ನುಳ್ಳ ಮೂರು ಚಕ್ರದ ಗಾಡಿಗಳಿಂದ ಆರಂಭಿಸಿದ ಅವರು 1930ರ ದಶಕದಲ್ಲಿ ಫೋರ್ಡ್ ಕಾರಿನ ಎಂಜಿನ್ನಿನತ್ತ ಹೊರಳಿದರು. 2011ರಲ್ಲಿ ಹಳೆಯ ರೂಪವನ್ನು ಮತ್ತೆ ಬದುಕಿಸಿದಾಗ ಮುಂಭಾಗದಲ್ಲಿ ಮೋಟರ್‌ಸೈಕಲ್ ಮಾದರಿಯ ಜೋಡಿ ಸಿಲಿಂಡರಿನ ಎಂಜಿನ್ನನ್ನೇ ಮೆರೆಸಿದರು. ಆದರೂ ಅದರ ಹಿಂದೆ ಜೋಡಿಸಿದ್ದು ಮಾಜ್ದಾ ಕಾರಿನ ಗೇರುಪೆಟ್ಟಿಗೆಯನ್ನು. 2022ರ ಹೊಸ ಮಾದರಿಗೆ ಮತ್ತೆ ಫೋರ್ಡ್ ಕಾರಿನ ಎಂಜಿನ್ನು! ನೂರು ವರ್ಷಗಳಲ್ಲಿ ಒಂದೇ ಮನೆತನ ಎರಡು ಸಲ ಅದೇ ದಾರಿಯಲ್ಲಿ ನಡೆಯಿತು.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಕೈಯಾರೆ ಕಲಿಯುತ್ತಿರುವವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಬೆಂಗಳೂರಿನ ಆರ್.ವಿ. ಕಾಲೇಜಿನ ‘ಅಶ್ವ ರೇಸಿಂಗ್’ ತಂಡ ಈ ಶತಮಾನದ ಮೊದಲ ವರ್ಷಗಳಿಂದಲೂ ಒಂಟಿ ಆಸನದ ಓಟದ ಕಾರುಗಳನ್ನು ಕಟ್ಟುತ್ತ ಬಂದಿದೆ. ಇಂಥ ವಿದ್ಯಾರ್ಥಿ ಸ್ಪರ್ಧೆಗಳ ನಿಯಮದಂತೆ ಪೆಟ್ರೋಲ್ ಎಂಜಿನ್ನು 710 ಘನ ಸೆಂಟಿಮೀಟರನ್ನು ಮೀರಬಾರದು, ಮತ್ತು ಒಳಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದು ಕಿರುಗಂಡಿಯ ಮೂಲಕವೇ ಹೋಗಬೇಕು. ಈ ಅಳತೆಯೊಳಗೆ ಕಾರಿನ ಎಂಜಿನ್ನು ಸಿಗುವುದೇ ಕಷ್ಟ. ಸಿಕ್ಕರೂ ತೂಕದಲ್ಲಿ ಸೋಲು. ಆದ್ದರಿಂದ ಭಾರತದ ಅನೇಕ ತಂಡಗಳು ಆರಿಸಿಕೊಳ್ಳುವುದು ಮೇಲೆ ಹೇಳಿದ ಆ ಕೆ.ಟಿ.ಎಂ. ಎಂಜಿನ್ನನ್ನೇ. ಚಾಲಕನೊಡನೆ ಇಡೀ ಕಾರು ಮೂರು ಕ್ವಿಂಟಲಿನ ಆಸುಪಾಸು ತೂಗಿದರೆ ಆ ಎಂಜಿನ್ನಿಗೆ ತಾನು ಇನ್ನೊಂದು ಮೋಟರ್‌ಸೈಕಲ್ಲನ್ನೇ ಹೊತ್ತಂತೆ ಅನಿಸುತ್ತದೆಯೇ ಹೊರತು ಕಾರನ್ನಲ್ಲ.

ರಸ್ತೆಗೆ ಇಳಿಸುವ ಮಾತು ಬೇರೆ. ಭಾರತದಲ್ಲಿ ಹೊಸ ಮಾದರಿಯ ಯಾವ ಮೋಟಾರು ವಾಹನವಾದರೂ ಪುಣೆಯ ಎ.ಆರ್.ಎ.ಐ.ಯಂಥ ಅಂಗೀಕೃತ ಸಂಸ್ಥೆಯ ಪರೀಕ್ಷೆಯಲ್ಲಿ ಗೆಲ್ಲಬೇಕು. ಹಳೆಯ ಕಾರಿನೊಳಗೆ ಮನಸ್ಸಿಗೆ ಬಂದ ಎಂಜಿನ್ನನ್ನು ತುರುಕೋಣವೆಂದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡ ಬರುತ್ತದೆ: ತಯಾರಕರು ಮೂಲದಲ್ಲಿ ನಿರ್ದೇಶಿಸಿದ ವಿವರಗಳಿಗೆ ವಿರುದ್ಧವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಸಾವಿರಾರು ರೂಪಾಯಿ ಸುರಿದು, ವರ್ಷಗಟ್ಟಲೆ ಬೆವರಿಳಿಸಿ ಕಟ್ಟಿದ ಕಾರು ಕೊನೆಗೆ ಅಂಗಳದಲ್ಲಿಯೇ ನಿಲ್ಲುವುದು ಬೇಡವಾದರೆ ಎಂಜಿನ್ನಿಗಿಂತ ಮೊದಲು ಈ ಕಲಮನ್ನು ಓದುವುದು ಲೇಸು. ಖಾಸಗಿ ತೋಟದ ದಾರಿಗಾಗಲಿ ಓಟದ ಕಣಕ್ಕಾಗಲಿ ಕಟ್ಟುವವರ ಮಾತು ಬೇರೆ.

ಡಾಲ್ಫಿನ್ನಿನ ವಿಷಯದಲ್ಲಿ ಎಂಜಿನ್ನಿನ ಆಯ್ಕೆ ತಪ್ಪಿರಲಿಲ್ಲ. ಆ ಹಗುರ ಮೈಯಲ್ಲಿ ಕಾರಿನ ಎಂಜಿನ್ನು ಚೆನ್ನಾಗಿಯೇ ಓಡಿತು. ರ‍್ಯಾಲಿಗಳಲ್ಲಿಯೂ ಓಟದ ಕಣಗಳಲ್ಲಿಯೂ ಅದು ಹೆಸರು ಗಳಿಸಿತು. ಆದರೆ ಅದಕ್ಕಿದ್ದುದು ಎರಡೇ ಬಾಗಿಲು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಅದಕ್ಕೆ ಉಕ್ಕಿನ ಮೈ, ನಾಲ್ಕು ಬಾಗಿಲು. ಅಜ್ಜಿಯನ್ನು ಮುಂದಿನ ಸೀಟು ಮಡಚಿ ಹಿಂದಕ್ಕೆ ತೂರಿಸುವುದು ಯಾವ ಮನೆಗೂ ಹಿತವಾಗುವ ಕೆಲಸವಲ್ಲ. ಸಿಪಾನಿಯವರು 1987ರಲ್ಲಿ ಬಾಗಿಲುಗಳನ್ನು ಹೆಚ್ಚಿಸಿ ‘ಮೊಂಟಾನಾ’ ಎಂಬ ಮಾದರಿಯನ್ನು ತಂದರು. ಅಷ್ಟರಲ್ಲಿ ಪೇಟೆ ಮಾರುತಿಯ ಕೈಸೇರಿತ್ತು.

ಇನ್ನು ಉಳಿದದ್ದು ಹಿಂದಕ್ಕೆ ಸರಿಯುವ ಗೇರಿನ ಮಾತು. ಮಾರುತಿಯಂಥ ಕಾರಿನಲ್ಲಿ ಎಂಜಿನ್ನು, ಗೇರುಪೆಟ್ಟಿಗೆ, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಎಲ್ಲವೂ ಒಂದೇ ಗಂಟಾಗಿ ದೊರೆಯುತ್ತವೆ. ಹಿಂದಕ್ಕೆ ಸರಿಯುವ ಗೇರು ಅದರೊಳಗೇ ಉಂಟು. ಮೋಟರ್‌ಸೈಕಲ್ಲಿಗೆ ಆ ಗೇರು ಸಾಮಾನ್ಯವಾಗಿ ಇರುವುದೇ ಇಲ್ಲ. ಸವಾರನು ಕಾಲೂರಿ ತಳ್ಳಿಕೊಳ್ಳುತ್ತಾನೆ. ಕಿಟ್ ಕಾರಿನವರು ಇದಕ್ಕಾಗಿ ಒಂದು ಪುಟ್ಟ ವಿದ್ಯುತ್ ಮೋಟಾರನ್ನೋ ಬೇರೊಂದು ಹಲ್ಲುಚಕ್ರದ ಪೆಟ್ಟಿಗೆಯನ್ನೋ ಜೋಡಿಸುತ್ತಾರೆ. ವಿದ್ಯಾರ್ಥಿಗಳ ಓಟದ ಕಾರಿಗೆ ಅಂಥದೇನೂ ಬೇಡ. ಕಾರನ್ನು ಹಿಂದೆ ಮುಂದೆ ಸರಿಸಲು ಅದರ ಹಿಂಭಾಗಕ್ಕೆ ಸಿಕ್ಕಿಸುವ ಒಂದು ತಳ್ಳುಗೋಲನ್ನು ಪ್ರತಿಯೊಂದು ತಂಡವೂ ಜೊತೆಗೆ ಕೊಂಡೊಯ್ಯುತ್ತದೆ.