ಒಂದೇ ತೋಟ, ಎರಡು ಲೇಬಲ್: ‘ಸೆಕೆಂಡ್ ವೈನ್’ ಅಂದರೇನು?

‘ಸೆಕೆಂಡ್ ವೈನ್’ ಅಂದ ಕೂಡಲೇ ಎರಡನೇ ದರ್ಜೆಯ ಮಾಲು ಅಂದುಕೊಳ್ಳಬೇಡಿ. ತೋಟ ಅದೇ, ಕೊಯ್ಲು ಅದೇ, ಮಾಡುವ ಕೈಗಳೂ ಅವೇ. ತೋಟದ ಮುಖ್ಯ ವೈನಿಗೆ ಫ್ರೆಂಚರು ‘ಗ್ರಾಂ ವೇಂ’ ಎನ್ನುತ್ತಾರೆ. ಅದಕ್ಕೆ ಸೇರಿಸದೆ ಉಳಿಸಿದ ಪಾಲನ್ನು ಬೇರೆ ಹೆಸರಿನಲ್ಲಿ ಮಾರುತ್ತಾರೆ. ಅದೇ ಸೆಕೆಂಡ್ ವೈನ್.

ಬೋರ್ಡೋ ಸೀಮೆಯ ಪೊಮೆರೋಲ್‌ನಲ್ಲಿರುವ ವ್ಯೂ ಶಾತೋ ಸೆರ್ತಾಂ ತೋಟವನ್ನೇ ನೋಡಿ. ಬೆಲ್ಜಿಯಂನ ವೈನ್ ವ್ಯಾಪಾರಿ ಜಾರ್ಜ್ ತಿಯೆನ್‌ಪಾಂ ಇದನ್ನು 1924ರಲ್ಲಿ ಕೊಂಡರು. ಇಂದಿಗೂ ಅದು ಅವರ ಕುಟುಂಬದ್ದೇ. ಇರುವುದು ಸುಮಾರು 14 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 35 ಎಕರೆಗೆ ತುಸು ಕಡಿಮೆ. ಮೆರ್ಲೋ ದ್ರಾಕ್ಷಿ ಹೆಚ್ಚು, ಕಾಬರ್ನೇ ಫ್ರಾಂ ಅದರ ನಂತರ. ಇಲ್ಲಿಯ ಸೆಕೆಂಡ್ ವೈನ್ ಹೆಸರು ಲಾ ಗ್ರಾವೆಟ್ ದ ಸೆರ್ತಾಂ.

ಬೋರ್ಡೋದ ಇಂಥ ತೋಟಗಳಲ್ಲಿ ಒಂದೊಂದು ತಾಕಿನ ಹಣ್ಣನ್ನೂ ಸಾಧ್ಯವಾದಷ್ಟು ಬೇರೆಯಾಗಿಯೇ ಹುದುಗಿಸುತ್ತಾರೆ. ಚಳಿಗಾಲ ಕಳೆಯುವ ಹೊತ್ತಿಗೆ ಎಲ್ಲವನ್ನೂ ರುಚಿ ನೋಡಿ ‘ಅಸೆಂಬ್ಲಾಜ್’, ಅಂದರೆ ಬೆರಕೆ, ಹೇಗಿರಬೇಕೆಂದು ತೀರ್ಮಾನಿಸುತ್ತಾರೆ. ಎಳೆಯ ಬಳ್ಳಿಗಳ ರಸ ಹೆಚ್ಚಾಗಿ ಸೆಕೆಂಡ್ ವೈನಿಗೆ ಹೋಗುತ್ತದೆ. ಅದರಲ್ಲಿ ಹಣ್ಣಿನ ಪರಿಮಳವಿರುತ್ತದೆ, ಆದರೆ ದಶಕಗಟ್ಟಲೆ ಮಾಗುವ ಕಸುವು ಕಡಿಮೆ. ಇದಕ್ಕೆ ಹೊಸ ಓಕ್ ಪೀಪಾಯಿಗಳ ಬಳಕೆಯೂ ಸಾಮಾನ್ಯವಾಗಿ ಕಡಿಮೆಯೇ.

ಎಲ್ಲವನ್ನೂ ಬೆರೆಸಿ ಒಂದೇ ವೈನ್ ಮಾಡಿದರೆ ಲಾಭ ಹೆಚ್ಚಲ್ಲವೇ? ಒಂದೆರಡು ವರ್ಷದ ಮಟ್ಟಿಗೆ ನಿಜ. ಆದರೆ ಬೋರ್ಡೋದ ಪ್ರಸಿದ್ಧ 1855ರ ದರ್ಜೆಪಟ್ಟಿಯಲ್ಲಿ ಪೊಮೆರೋಲ್ ಇಲ್ಲ, ಅದಕ್ಕೆ ತನ್ನದೇ ಆದ ಅಧಿಕೃತ ಪಟ್ಟಿಯೂ ಇಲ್ಲ. ತೋಟಕ್ಕಿರುವ ಆಸ್ತಿ ಅದರ ಹೆಸರೊಂದೇ. ಸಪ್ಪೆಯಾದದ್ದನ್ನು ಬೆರೆಸಿ ಆ ಹೆಸರು ಕೆಡಿಸಿಕೊಂಡರೆ ಮರಳಿ ಗಳಿಸುವುದು ಕಷ್ಟ.

ಸೆಕೆಂಡ್ ವೈನಿನ ಬೆಲೆ ಮುಖ್ಯ ವೈನಿಗಿಂತ ಸಾಕಷ್ಟು ಕಡಿಮೆ. ಹಾಗೆಂದು ಅಗ್ಗವೇನಲ್ಲ. ದೊಡ್ಡ ಶಾತೋಗಳ, ಅಂದರೆ ವೈನ್ ತೋಟಗಳ, ಸೆಕೆಂಡ್ ವೈನುಗಳಂತೂ ಹೆಸರಿನ ಬಲದಿಂದಲೇ ದುಬಾರಿಯಾಗಿವೆ. ದುಡ್ಡಿಗೆ ತಕ್ಕ ರುಚಿ ಬೇಕಿದ್ದರೆ ಚಿಕ್ಕ ಕುಟುಂಬದ ತೋಟವನ್ನೇ ಹುಡುಕಿ ಎನ್ನುತ್ತೇನೆ.

ಸೆಕೆಂಡ್ ವೈನುಗಳು ಹೆಚ್ಚಾಗಿ ತೋಟದ ಬಾಗಿಲಲ್ಲಿ ಸಿಗುವುದಿಲ್ಲ. ‘ನೆಗೋಸಿಯಾಂ’ ಎಂಬ ಸಗಟು ವ್ಯಾಪಾರಿಗಳ ಮೂಲಕ ಬೋರ್ಡೋ, ಪ್ಯಾರಿಸ್, ಲಂಡನ್ ಅಂಗಡಿಗಳಿಗೆ ಬರುತ್ತವೆ. ಕೊಳ್ಳುವಾಗ ಲೇಬಲ್ಲಿನಲ್ಲಿ ತೋಟದ ಹೆಸರು, ಕೊಯ್ಲಿನ ವರ್ಷ ಎರಡನ್ನೂ ನೋಡಿ. ಊರಿಗೆ ತರುವುದಾದರೆ ಸುಂಕವಿಲ್ಲದೆ ತರಬಹುದಾದ ಮದ್ಯದ ಮಿತಿ ಒಬ್ಬರಿಗೆ 2 ಲೀಟರ್. 750 ಮಿಲಿಲೀಟರಿನ ಎರಡು ಬಾಟಲಿ ಅದರೊಳಗೆ ಬರುತ್ತವೆ. ತಂದ ಮೇಲೆ ತಂಪಾದ ಕತ್ತಲೆ ಜಾಗದಲ್ಲಿ ಮಲಗಿಸಿಡಿ.