ತತ್ತಿ ಆಗಿಬರದ ಕೂಸಿಗೂ ಸೂಜಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಗುರುವಾರ ಅಂದರೆ ಕೂಸುಗಳಿಗೆ ಸೂಜಿ ಮಾಡಿಸುವ ದಿನ. ತಾಯಿ ಕಾರ್ಡ್ ಹಿಡಿದು ಅಂಗನವಾಡಿಗೆ ಬಂದ ತಾಯಂದಿರಲ್ಲಿ ಯಾರಾದರೊಬ್ಬರು ಕೇಳುವುದುಂಟು: "ಸಿಸ್ಟರ್, ನಮ್ಮ ಹುಡುಗಗ ತತ್ತಿ ಆಗಿಬರೂದಿಲ್ರೀ, ಮೈತುಂಬ ಗಂಧಿ ಏಳ್ತಾವ. ದಡಾರದ ಸೂಜಿ ಮಾಡಸಬಹುದೇನ್ರಿ?"

ಮಾಡಿಸಬಹುದು, ಮಾಡಿಸಲೇಬೇಕು. ದಡಾರದ ವೈರಸ್ಸನ್ನು ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿದ್ದರೂ ಲಸಿಕೆಯಲ್ಲಿ ಉಳಿಯುವ ತತ್ತಿಯ ಪ್ರೋಟೀನು ತೀರ ಅಲ್ಪ. ಹೀಗೆ ಕೇಳುವ ತಾಯಿಯ ಬಗ್ಗೆ ನನಗೆ ಚಿಂತೆಯಿಲ್ಲ. ಕೇಳದೆ ಮನೆಯಲ್ಲೇ ಉಳಿಯುವವರದೇ ಚಿಂತೆ.

ಲಸಿಕೆಯಿಂದ ಅಲರ್ಜಿಯಾದಾಗ ತಪ್ಪು ಬಹಳ ಸಲ ರೋಗಾಣುವಿನದಲ್ಲ, ಅದರ ಜೊತೆ ಸೀಸೆಯಲ್ಲಿರುವ ವಸ್ತುಗಳದು: ಲಸಿಕೆ ಕೆಡದಂತೆ ಹಾಕುವ ಜೆಲಟಿನ್, ತಯಾರಿಕೆಯಲ್ಲಿ ಉಳಿದ ನಿಯೋಮೈಸಿನ್. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಡಿದಾಗ ಸಾವಿರಾರು ಜನ ತೋಳೊಡ್ಡಿ ಹಾಕಿಸಿಕೊಂಡ ಹಾಫ್‌ಕಿನ್ ಲಸಿಕೆಯನ್ನು ನೆನೆಯಿರಿ. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ಅದರಲ್ಲಿ ಪ್ಲೇಗಿನ ಬ್ಯಾಕ್ಟೀರಿಯ ಬೆಳೆಸಿ, ಕಾಯಿಸಿ ಕೊಂದು, ಆ ಸಾರನ್ನೇ ಚುಚ್ಚುತ್ತಿದ್ದರು. ಜ್ವರ ಬರುತ್ತಿತ್ತು, ತೋಳು ಬಾಯುತ್ತಿತ್ತು. 'ಅಲರ್ಜಿ' ಎಂಬ ಶಬ್ದವೇ ಆಗ ಇರಲಿಲ್ಲ; ವಿಯೆನ್ನಾದ ಮಕ್ಕಳ ವೈದ್ಯ ಫಾನ್ ಪಿರ್ಕೆ ಅದನ್ನು ಕೊಟ್ಟದ್ದು 1906ರಲ್ಲಿ. ಜ್ವರ, ಬಾವು ಅಲರ್ಜಿಯಲ್ಲ ಅನ್ನುವುದು ಇಂದಿಗೂ ಎಷ್ಟೋ ಮನೆಗಳಿಗೆ ತಲುಪಿಲ್ಲ.

ನಿಜವಾಗಿ ಅಂಜಬೇಕಾದದ್ದು ಅನಾಫಿಲ್ಯಾಕ್ಸಿಸ್‌ಗೆ, ಅಂದರೆ ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿಗೆ. ಸಾಮಾನ್ಯ ಲಸಿಕೆಗಳಲ್ಲಿ ಅದು 10 ಲಕ್ಷ ಡೋಸಿಗೆ ಒಂದರ ಆಸುಪಾಸು. ಸೂಜಿಯಾದ ಕೆಲವೇ ನಿಮಿಷಗಳಲ್ಲಿ ಮೈ ತುರಿಸಿ ಗಂಧೆ ಏಳುತ್ತವೆ, ತುಟಿ ಊದುತ್ತದೆ, ದನಿ ಒಡೆಯುತ್ತದೆ, ಉಸಿರು ಸುಯ್ಯೆನ್ನುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಅಂಜಿಕೆಯಿಂದ ತಲೆ ತಿರುಗಿ ಬಿದ್ದವರು ಬೆಳ್ಳಗಾಗುತ್ತಾರೆ, ನಾಡಿ ನಿಧಾನವಾಗುತ್ತದೆ, ಮಲಗಿಸಿದರೆ ಚೇತರಿಸಿಕೊಳ್ಳುತ್ತಾರೆ. ಅನಾಫಿಲ್ಯಾಕ್ಸಿಸ್‌ನಲ್ಲಿ ಹಾಗಲ್ಲ, ನಾಡಿ ಓಡುತ್ತದೆ. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ, ವಯಸ್ಸಿಗೆ ತಕ್ಕಷ್ಟು, ತಡಮಾಡದೆ. ಅಲರ್ಜಿಯ ಗುಳಿಗೆ ಕೊಟ್ಟು ಕಾಯುತ್ತ ಕೂತರೆ ಹೊತ್ತು ಮೀರುತ್ತದೆ. ಅದಕ್ಕೇ ಸಿಸ್ಟರ್ ಹತ್ತಿರ ಅಡ್ರಿನಲಿನ್ ಕಿಟ್ ಇರುತ್ತದೆ, ಅದಕ್ಕೇ "ಅರ್ಧ ತಾಸು ಇಲ್ಲೇ ಕುಂದರ್‍ರಿ" ಅನ್ನುತ್ತಾರೆ.

ಹಿಂದೆ ಇದೇ ಲಸಿಕೆಗೆ ಉಸಿರು ಕಟ್ಟಿದ್ದರೆ ಅಂಗನವಾಡಿಯಲ್ಲಿ ಮತ್ತೆ ಹಾಕಿಸಬಾರದು. ದೊಡ್ಡಾಸ್ಪತ್ರೆಯ ವೈದ್ಯರಿಗೆ ತೋರಿಸಿ, ಯಾವ ಲಸಿಕೆ, ಎಷ್ಟು ನಿಮಿಷಕ್ಕೆ ಏನಾಯಿತು ಎಂದು ಬಿಡಿಸಿ ಹೇಳಬೇಕು.

ಹುಚ್ಚುನಾಯಿ ಕಚ್ಚಿದರೆ ಮಾತ್ರ ಲೆಕ್ಕವೇ ಬೇರೆ. ರೇಬಿಸ್ ಲಕ್ಷಣ ಕಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ. ಅಲ್ಲಿ ಎಂಥ ಅಲರ್ಜಿಯಿದ್ದರೂ ಲಸಿಕೆ ಬಿಡುವಂತಿಲ್ಲ. ಅಡ್ರಿನಲಿನ್ ತುಂಬಿದ ಸಿರಿಂಜ್ ಪಕ್ಕದಲ್ಲಿಟ್ಟುಕೊಂಡೇ ವೈದ್ಯರು ಚುಚ್ಚುತ್ತಾರೆ.